ತಟ್ಟೆಯ ಅರ್ಧ

ಚರ್ಚಿನಲ್ಲಿ ಆರಾಧನೆ ಮುಗಿದು ಎಲ್ಲರೂ ಹೊರಗೆ ಮಾತಾಡುತ್ತಾ ನಿಂತಿರುವಾಗ ನಾನು ಒಳಗಿನ ಕೋಣೆಯಲ್ಲಿ ಚಿಲ್ಲರೆ ಎಣಿಸುತ್ತಿರುತ್ತೇನೆ. ಖಜಾಂಚಿಯ ಪಾಡು. ಜೊತೆಗೆ ಇನ್ನೊಬ್ಬರು ಇರಲೇಬೇಕು, ಒಬ್ಬನೇ ಎಣಿಸುವಂತಿಲ್ಲ.

ಹೋದ ವರ್ಷ ಪಾಸ್ಟರ್ ಕಮಿಟಿಯಲ್ಲಿ ಒಂದು ಮಾತು ತೆಗೆದರು. ತಿಂಗಳಿಗೊಂದು ಭಾನುವಾರ ತಟ್ಟೆಗೆ ಬಿದ್ದ ಕಾಣಿಕೆಯಲ್ಲಿ ಅರ್ಧವನ್ನು ಸಾಮಾಜಿಕ ನ್ಯಾಯಕ್ಕಾಗಿ ದುಡಿಯುವ ಒಂದು ಸಂಸ್ಥೆಗೆ ಕೊಡೋಣ ಅಂತ. ಅಮೆರಿಕದ ಎಷ್ಟೋ ಯುನಿಟೇರಿಯನ್ ಯೂನಿವರ್ಸಲಿಸ್ಟ್ ಎಂಬ ಉದಾರವಾದಿ ಧಾರ್ಮಿಕ ಪಂಥದ ಸಭೆಗಳಲ್ಲಿ ಇದು ರೂಢಿಯಂತೆ. ಅಡ್ಡ ಬಂದವನು ನಾನೇ. ಕರೆಂಟ್ ಬಿಲ್ ಯಾರು ಕಟ್ಟೋದು? ಚಾವಣಿ ಬೇರೆ ಸೋರುತ್ತಿದೆ.

ಪಾಸ್ಟರ್ ವಾದಕ್ಕೆ ಇಳಿಯಲಿಲ್ಲ. ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯ ಓದಿಕೊಂಡು ಬನ್ನಿ ಅಂದರು, ಅಷ್ಟೇ.

ಓದಿದೆ. ಯೆರೂಸಲೇಮಿನ ಬಡವರಿಗಾಗಿ ಪೌಲ ದೂರದೂರದ ಸಭೆಗಳಿಂದ ಹಣ ಕೂಡಿಸುತ್ತಿದ್ದ. ಗ್ರೀಸಿನ ಉತ್ತರ ಭಾಗದ ಮಕೆದೋನ್ಯದ ಸಭೆಯವರಿಗೇ ಕಡು ಬಡತನ, ಆದರೂ ನಮ್ಮದೂ ಸೇರಿಸಿಕೊಳ್ಳಿ ಎಂದು ಬೇಡಿಕೊಂಡರಂತೆ. ಆದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಈ ಕೆಲಸಕ್ಕೆ ಪೌಲ ತನ್ನ ಜೊತೆಗಾರ ತೀತನನ್ನು ಒಬ್ಬನನ್ನೇ ಕಳಿಸಲಿಲ್ಲ. ಸಭೆಗಳು ಆರಿಸಿದ ಇನ್ನೊಬ್ಬ ಸಹೋದರನೂ ಜೊತೆಗಿದ್ದ, ಹಣದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದು ಅಂತ. ನಮ್ಮ ಇಬ್ಬರು ಎಣಿಸುವ ನಿಯಮ ಅಲ್ಲೇ ಇತ್ತು! ಎರಡನೇ ಶತಮಾನದಲ್ಲಿ ಜಸ್ಟಿನ್ ಎಂಬ ಕ್ರೈಸ್ತ ಲೇಖಕ ಬರೆದಿಟ್ಟದ್ದನ್ನೂ ಹುಡುಕಿ ಓದಿದೆ. ಭಾನುವಾರದ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿರುವವರಿಗೆ, ಪರದೇಶಿಗಳಿಗೆ. ಚಾವಣಿಯ ಸುದ್ದಿಯೇ ಇಲ್ಲ. ಅವರಿಗೆ ಸ್ವಂತ ಕಟ್ಟಡದ ತಲೆನೋವು ಇದ್ದಿರಲಿಕ್ಕಿಲ್ಲ ಬಿಡಿ.

ನಾನು ಒಪ್ಪಿದೆ. ನಿಜವಾದ ಜಗಳ ಶುರುವಾದದ್ದು ಆಮೇಲೆ. ಊಟ, ಬಟ್ಟೆ, ಔಷಧಿ ಅಂದರೆ ಯಾರದ್ದೂ ತಕರಾರಿಲ್ಲ. ವಿಚಾರಣೆಗೆ ಕಾದು ಜೈಲಿನಲ್ಲಿ ಕೊಳೆಯುವವರಿಗೆ ವಕೀಲರನ್ನು ಒದಗಿಸುವ ಸಂಸ್ಥೆಯ ಹೆಸರು ಬಂದದ್ದೇ ತಡ, ಹಿರಿಯರೊಬ್ಬರು ಎದ್ದು ನಿಂತರು. "ಹಸಿದವರಿಗೆ ಕೊಡೋಣ. ಕೋರ್ಟ್ ಖರ್ಚಿಗೆ ಯಾಕೆ?"

ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಅಂದರು, "ಜೈಲಲ್ಲಿ ಊಟ ಸಿಗುತ್ತಪ್ಪಾ. ಜಾಮೀನು ಸಿಗಲ್ಲ."

ಆ ಸಂಸ್ಥೆಯೇ ಮೊದಲ ತಿಂಗಳಿಗೆ ಆಯ್ಕೆಯಾಯಿತು.

ಲೆಕ್ಕದ ಕಡೆ ನಾನು ಹಟ ಹಿಡಿದದ್ದು ಎರಡೇ ವಿಷಯಕ್ಕೆ. ಹಣ ಯಾರಿಗೆ ಹೋಗುತ್ತದೆ ಅಂತ ತಟ್ಟೆ ಹೊರಡುವ ಮುಂಚೆಯೇ ಹೇಳಬೇಕು, ಆಮೇಲಲ್ಲ. ಮತ್ತೆ, ಅವರ ಪಾಲು ಅದೇ ವಾರ ಹೋಗಬೇಕು. ನಮ್ಮ ಖಾತೆಯಲ್ಲಿ ಸುಮ್ನೆ ಕೂತರೆ, "ಈ ತಿಂಗಳು ಬಳಸಿಕೊಂಡು ಮುಂದಿನ ತಿಂಗಳು ಕೊಟ್ಟರಾಯಿತು" ಅನ್ನುವ ಬಾಯಿ ಹುಟ್ಟಿಕೊಳ್ಳುತ್ತದೆ. ಹುಟ್ಟಿತ್ತು ಕೂಡ. ನಾನು ಚೆಕ್ ಆಗಲೇ ಕಳಿಸಿಬಿಟ್ಟಿದ್ದೆ.

ಮೊದಲ ತಿಂಗಳು ತಟ್ಟೆ ಜಾಸ್ತಿಯೇ ತುಂಬಿತು. ಮೂರನೆಯ ತಿಂಗಳಿಗೆ ಮಾಮೂಲು. ಚಾವಣಿ ಇನ್ನೂ ಸೋರುತ್ತದೆ. ಎಣಿಸುವ ಮೇಜನ್ನು ಸ್ವಲ್ಪ ಗೋಡೆ ಕಡೆ ಸರಿಸಿಕೊಂಡಿದ್ದೇವೆ.