ಹಾಡುವವನ ಜಾಗ ಖಾಲಿ ಆದಮೇಲೆ

ಶನಿವಾರ, 8 ಮಾರ್ಚ್ 2025

ಇಂಗ್ಲೆಂಡಿನ ನ್ಯೂ ಆರ್ಡರ್ ಬ್ಯಾಂಡಿನ 'ಬ್ಲೂ ಮಂಡೇ' ಹಾಡು ಹೊರಬಂದು ನಿನ್ನೆಗೆ 42 ವರ್ಷ ಆಯಿತು. 1983ರ ಮಾರ್ಚ್ 7, ಅದೂ ಸೋಮವಾರವೇ. ನಿನ್ನೆ ಆಫೀಸಿನ ಗಡಿಬಿಡಿಯಲ್ಲಿ ಕೇಳಲು ಆಗಲಿಲ್ಲ. ಇವತ್ತು ರಜೆ. ತಿಂಡಿ ಮುಗಿಸಿ ಹೆಡ್‌ಫೋನ್ ಹಾಕಿಕೊಂಡು ಕೂತವನು ಆ ಬ್ಯಾಂಡಿನ ಆಲ್ಬಂಗಳನ್ನು ಮೊದಲಿನಿಂದ ಒಂದೊಂದಾಗಿ ಕೇಳುತ್ತಾ ಹೋದೆ, ಮಧ್ಯಾಹ್ನದ ಊಟ ಕೂಡ ಲೇಟಾಯಿತು.

ಈ ಬ್ಯಾಂಡಿನ ಬಗ್ಗೆ ಬರೆಯುವವರು ಹೆಚ್ಚಾಗಿ ಒಂದೇ ಮಾತು ಹೇಳುತ್ತಾರೆ: ದುಃಖವನ್ನು ಡ್ಯಾನ್ಸ್ ಮಾಡಿದರು ಅಂತ. ಕೇಳಲು ಚೆನ್ನಾಗಿದೆ. ಆದರೆ ಇವತ್ತು ಎಲ್ಲಾ ಸಾಲಾಗಿ ಕೇಳಿದಮೇಲೆ ನನಗೆ ಅನ್ನಿಸಿದ್ದು ಬೇರೆ. ಅವರ ಹತ್ತಿರ ಹಾಡುವವನು ಇರಲಿಲ್ಲ. ಹಾಡುವವನ ಜಾಗಕ್ಕೆ ಹೊರಗಿನಿಂದ ಯಾರನ್ನೂ ತರಲು ಅವರಿಗೆ ಮನಸ್ಸೂ ಬರಲಿಲ್ಲ. ಆ ಖಾಲಿ ಜಾಗವನ್ನು ಹೇಗೆ ತುಂಬಿಸೋದು ಅಂತ ಒದ್ದಾಡುವಾಗಲೇ ಮೆಷಿನ್‌ಗಳು ಮುಂದೆ ಬಂದವು.

ಶುರುವಿನಿಂದ ಹೇಳುತ್ತೇನೆ. 1976ರ ಜೂನ್ 4ರಂದು ಮ್ಯಾಂಚೆಸ್ಟರ್‌ನ ಲೆಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ಪಂಕ್ ರಾಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್ ಶೋ ಇತ್ತು. ಸಾಲ್ಫರ್ಡ್‌ನ ಇಬ್ಬರು ಸ್ಕೂಲ್ ಗೆಳೆಯರು, ಬರ್ನಾರ್ಡ್ ಸಮ್ನರ್ ಮತ್ತು ಪೀಟರ್ ಹುಕ್, ಅದನ್ನು ನೋಡಿ ಬಂದರು. ಹುಕ್ ಅಮ್ಮನ ಹತ್ತಿರ ಸಾಲ ಮಾಡಿ ಒಂದು ಬೇಸ್ ಗಿಟಾರ್ ಕೊಂಡುಕೊಂಡ. ಹಾಡಲು ಇಯಾನ್ ಕರ್ಟಿಸ್ ಬಂದ, ಡ್ರಮ್ಸ್‌ಗೆ ಸ್ಟೀಫನ್ ಮಾರಿಸ್. ಅದೇ ಜಾಯ್ ಡಿವಿಷನ್. ಹುಕ್‌ನ ಆಂಪ್ಲಿಫೈಯರ್ ಎಷ್ಟು ಕಳಪೆ ಅಂದರೆ ಕೆಳಗಿನ ಸ್ವರ ನುಡಿಸಿದರೆ ಅವನಿಗೇ ಕೇಳುತ್ತಿರಲಿಲ್ಲವಂತೆ. ಹಾಗಾಗಿ ಬೇಸ್‌ನಲ್ಲಿ ಮೇಲಿನ ಸ್ವರಗಳನ್ನೇ ನುಡಿಸಲು ಶುರು ಮಾಡಿದ. ಇಯಾನ್‌ಗೆ ಅದು ಹಿಡಿಸಿತು, ಹಾಗೇ ಮುಂದುವರಿಸು ಅಂದ. ಮುಂದೆ ನ್ಯೂ ಆರ್ಡರ್‌ನ ಯಾವ ಹಾಡು ಕೇಳಿದರೂ ಗಿಟಾರ್‌ಗಿಂತ ಮೊದಲು ಮನಸ್ಸಿನಲ್ಲಿ ಉಳಿಯುವುದು ಆ ಬೇಸ್‌ನ ರಾಗವೇ.

1980ರ ಮೇ 18. ಮರುದಿನ ಮೊದಲ ಅಮೆರಿಕ ಪ್ರವಾಸಕ್ಕೆ ಹೊರಡಬೇಕು. ಅವತ್ತು ಇಯಾನ್ ಮ್ಯಾಕಲ್ಸ್‌ಫೀಲ್ಡ್‌ನ ತನ್ನ ಮನೆಯಲ್ಲಿ ತಾನೇ ಜೀವ ಕಳೆದುಕೊಂಡ. ಅವನಿಗೆ 23 ವರ್ಷ. ಮೂರ್ಛೆ ರೋಗ ಇತ್ತು, ಸ್ಟೇಜ್ ಮೇಲೂ ಬರುತ್ತಿತ್ತು, ಸಂಸಾರದ ತೊಂದರೆಯೂ ಇತ್ತು. ಇದರ ಬಗ್ಗೆ ಸಾಕಷ್ಟು ಜನ ಬರೆದಿದ್ದಾರೆ, ನಾನು ಮತ್ತೆ ಅಗೆಯುವುದಿಲ್ಲ.

ಆಮೇಲೆ ಅವರು ಏನು ಮಾಡಿದರು ಅನ್ನೋದು ನನಗೆ ಮುಖ್ಯ. ನಾಲ್ವರಲ್ಲಿ ಒಬ್ಬರು ಹೋದರೂ ಆ ಹೆಸರು ಬಿಟ್ಟುಬಿಡೋಣ ಅಂತ ಮೊದಲೇ ಮಾತಾಗಿತ್ತು. ಮಾತಿಗೆ ತಪ್ಪಲಿಲ್ಲ. ಜಾಯ್ ಡಿವಿಷನ್ ಅನ್ನುವ ಹೆಸರಿಗೆ ಆಗಲೇ ಬೆಲೆ ಬರಲು ಶುರುವಾಗಿತ್ತು. ಮುಂದಿನ ತಿಂಗಳು ಹೊರಬಂದ ಅವರ ಸಿಂಗಲ್ (ಒಂದು ಹಾಡಿಗೆಂದೇ ಬರುವ ರೆಕಾರ್ಡ್) ಬ್ರಿಟನ್ ಚಾರ್ಟಿನಲ್ಲಿ 13ನೇ ಸ್ಥಾನಕ್ಕೆ ಹೋಯಿತು. ಆದರೂ ಹೆಸರು ಬಿಟ್ಟರು, ಉಳಿದ ಮೂವರು ನ್ಯೂ ಆರ್ಡರ್ ಆದರು. ವರ್ಷಗಟ್ಟಲೆ ಹಳೆಯ ಹಾಡುಗಳನ್ನು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ಇಷ್ಟು ಕಷ್ಟದ ತೀರ್ಮಾನವನ್ನು ಇಪ್ಪತ್ತರ ಆಸುಪಾಸಿನ ಹುಡುಗರು ತಗೊಂಡರು ಅಲ್ವಾ, ಅದಕ್ಕೇ ನನಗೆ ಇವರ ಮೇಲೆ ಅಷ್ಟು ಗೌರವ.

ಇಯಾನ್ ಜೊತೆ ಕೊನೆಗೆ ಕಟ್ಟಿದ ಎರಡು ಹಾಡುಗಳನ್ನು ಮಾತ್ರ ಕೈಬಿಡಲಿಲ್ಲ. ಅದರಲ್ಲಿ ಒಂದು 'ಸೆರಿಮನಿ'. ಸಾಹಿತ್ಯ ಎಲ್ಲೂ ಬರೆದಿಟ್ಟಿರಲಿಲ್ಲ. ಕೈಯಲ್ಲಿದ್ದದ್ದು ಕೆಟ್ಟ ರೆಕಾರ್ಡಿಂಗ್ ಅಷ್ಟೇ. ಸಮ್ನರ್ ಅದನ್ನು ಈಕ್ವಲೈಸರ್‌ಗೆ ಹಾಕಿ, ಉಳಿದ ಸದ್ದು ತಗ್ಗಿಸಿ, ಇಯಾನ್ ಏನು ಹಾಡುತ್ತಿದ್ದಾನೆ ಅಂತ ಕಿವಿಗೊಟ್ಟು ಕೇಳಿ ಪದ ಹಿಡಿಯಬೇಕಾಯಿತು. ಹೋದ ಗೆಳೆಯನ ದನಿಯನ್ನು ಹಾಗೆ ಹಿಂದೆ ಮುಂದೆ ಓಡಿಸಿ ಕೇಳುವುದು ಎಂಥ ಕೆಲಸ! ಸೆರಿಮನಿ 1981ರಲ್ಲಿ ನ್ಯೂ ಆರ್ಡರ್‌ನ ಮೊದಲ ಸಿಂಗಲ್ ಆಗಿ ಬಂತು.

ಹಾಡೋದು ಯಾರು ಅನ್ನೋದು ಇನ್ನೂ ತೀರ್ಮಾನ ಆಗಿರಲಿಲ್ಲ. ಮೂವರೂ ಸರದಿಯಲ್ಲಿ ಹಾಡಿ ನೋಡಿದರು. 1980ರ ಸೆಪ್ಟೆಂಬರ್‌ನಲ್ಲಿ ಅಮೆರಿಕಕ್ಕೆ ಹೋದಾಗ ನ್ಯೂಯಾರ್ಕ್‌ನಲ್ಲಿ ಅವರ ವಾದ್ಯಗಳನ್ನೆಲ್ಲ ಕಳ್ಳರು ಹೊಡೆದುಕೊಂಡು ಹೋದರು. ಕೊನೆಗೆ ಹಾಡುವ ಕೆಲಸ ಸಮ್ನರ್ ತಲೆಗೇ ಬಂತು. ಅವನಿಗೆ ಹಾಡುತ್ತಾ ಗಿಟಾರ್ ನುಡಿಸುವುದು ಕಷ್ಟ. ಎರಡು ಸಾಲು ಹಾಡುತ್ತಾನೆ, ನಿಲ್ಲಿಸುತ್ತಾನೆ, ಆಮೇಲೆ ಗಿಟಾರ್. ಅವರ ಹಾಡುಗಳಲ್ಲಿ ದನಿಗಿಂತ ಬರೀ ವಾದ್ಯ ನುಡಿಯುವ ಜಾಗವೇ ಯಾಕೆ ಇಷ್ಟು ಜಾಸ್ತಿ ಅಂತ ಗಮನಿಸಿದ್ದೀರಾ? ನನ್ನ ಪ್ರಕಾರ ಕಾರಣ ಇದೇ. ಕುಣಿಯುವವರಿಗೆ ಬೇಕಾದದ್ದೂ ಆ ಜಾಗವೇ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಜಿಲಿಯನ್ ಗಿಲ್ಬರ್ಟ್ ಬಂದಳು. ಕೀಬೋರ್ಡ್ ಮತ್ತು ಗಿಟಾರ್. ಸ್ಟೀಫನ್‌ನ ಗೆಳತಿ, ಮುಂದೆ 1994ರಲ್ಲಿ ಇಬ್ಬರೂ ಮದುವೆಯಾದರು. ಈ ಬ್ಯಾಂಡಿನ ಕಥೆ ಹೇಳುವಾಗ ಇವಳ ಹೆಸರು ಯಾವಾಗಲೂ ಕೊನೆಯಲ್ಲಿ ಬರುತ್ತೆ. ಅದು ನನಗೆ ಸರಿ ಕಾಣುವುದಿಲ್ಲ.

ಮೊದಲ ಆಲ್ಬಂ 'ಮೂವ್‌ಮೆಂಟ್', 1981. ಬೆಳಗ್ಗೆ ಕೇಳಿದಾಗ ಇದರಲ್ಲಿ ಇನ್ನೂ ಇಯಾನ್‌ನ ನೆರಳೇ ಕಾಣಿಸಿತು. ಸಮ್ನರ್ ಮತ್ತು ಹುಕ್ ಇಬ್ಬರೂ ಅವನ ದನಿಯಲ್ಲೇ ಹಾಡಲು ನೋಡುತ್ತಾರೆ, ಬರುವುದಿಲ್ಲ. ಆದರೆ ಅದೇ ವರ್ಷದ 'ಎವ್ರಿಥಿಂಗ್ಸ್ ಗಾನ್ ಗ್ರೀನ್' ಸಿಂಗಲ್ ಹಾಕಿದರೆ ಬಾಗಿಲು ತೆರೆದುಕೊಳ್ಳುತ್ತೆ. ಅಡಿಯಲ್ಲಿ ಸೀಕ್ವೆನ್ಸರ್, ಅಂದರೆ ತುಂಬಿಟ್ಟ ಸ್ವರಗಳನ್ನು ತಾನೇ ನುಡಿಸುವ ಮೆಷಿನ್, ಬಿಡದೆ ಓಡುತ್ತಿದೆ. ನ್ಯೂಯಾರ್ಕ್‌ನ ಕ್ಲಬ್‌ಗಳಿಗೆ ಹೋಗಿ ಅಲ್ಲಿನ ಡ್ಯಾನ್ಸ್ ಸಂಗೀತ ಕೇಳಿ ಬರುತ್ತಿದ್ದ ಕಾಲ ಅದು. ಮರುವರ್ಷ 'ಟೆಂಪ್ಟೇಶನ್'. ಇದರಲ್ಲಿ ಸಮ್ನರ್ ಮೊದಲ ಬಾರಿಗೆ ತನ್ನದೇ ದನಿಯಲ್ಲಿ ಹಾಡುತ್ತಾನೆ, ತೆಳ್ಳಗೆ, ಸ್ವಲ್ಪ ಶ್ರುತಿ ಆಚೀಚೆ ಆದರೂ ಸಂಕೋಚ ಇಲ್ಲದೆ. ನನಗೆ ಇವತ್ತಿಗೂ ಇದಕ್ಕಿಂತ ಹತ್ತಿರದ ಹಾಡು ಇನ್ನೊಂದಿಲ್ಲ.

ಇನ್ನು ಬ್ಲೂ ಮಂಡೇ. ಏಳೂವರೆ ನಿಮಿಷ. ಶೋ ಮುಗಿದಮೇಲೆ ಜನ ಒನ್ಸ್ ಮೋರ್ ಅಂತ ಕೂಗಿದರೂ ಮತ್ತೆ ಬಂದು ನುಡಿಸುವುದು ಇವರಿಗೆ ಇಷ್ಟ ಇರಲಿಲ್ಲ. ಬಟನ್ ಒತ್ತಿದರೆ ಮೆಷಿನ್ ತಾನೇ ನುಡಿಯುವ ಒಂದು ಹಾಡು ಇದ್ದರೆ ಹೇಗೆ ಅನ್ನುವ ಯೋಚನೆಯಿಂದ ಇದು ಶುರುವಾಯಿತು. ಒಬೆರ್‌ಹೈಮ್ ಡಿಎಮ್‌ಎಕ್ಸ್ ಡ್ರಮ್ ಮೆಷಿನ್, ಎಲೆಕ್ಟ್ರಾನಿಕ್ ಸ್ವರ ಹುಟ್ಟಿಸುವ ಮೂಗ್ ಸೋರ್ಸ್ ಸಿಂಥಸೈಜರ್ (ಸಿಂಥ್), ಜೊತೆಗೆ ಬಿಡಿ ಭಾಗಗಳ ಕಿಟ್ ತಂದು ಸಮ್ನರ್ ತಾನೇ ಜೋಡಿಸಿದ ಒಂದು ಸೀಕ್ವೆನ್ಸರ್. ಆಗ ಈ ಮೆಷಿನ್‌ಗಳು ಒಂದಕ್ಕೊಂದು ಮಾತಾಡುತ್ತಿರಲಿಲ್ಲ, ಎಲ್ಲವನ್ನೂ ಒಂದೇ ತಾಳಕ್ಕೆ ಕಟ್ಟಿಹಾಕುವುದೇ ದೊಡ್ಡ ಕೆಲಸ. ಒಂದೊಂದು ಸ್ವರವನ್ನೂ ಕೈಯಲ್ಲೇ ತುಂಬಬೇಕು. ಆ ಕೆಲಸ ಜಿಲಿಯನ್‌ದು. ಎ4 ಹಾಳೆಗಳನ್ನು ಟೇಪ್ ಹಾಕಿ ಸ್ಟುಡಿಯೋ ಉದ್ದಕ್ಕೂ ಅಂಟಿಸಿ, ಇಡೀ ಹಾಡನ್ನು ಅದರ ಮೇಲೆ ಬರೆದುಕೊಂಡಿದ್ದಳು. ಸ್ವೆಟರ್ ಹೆಣೆಯುವ ನಕ್ಷೆಯ ಹಾಗಿತ್ತು ಅಂತ ಅವಳೇ ಹೇಳಿದ್ದಾಳೆ. ತುಂಬುವಾಗ ಒಂದು ಸ್ವರ ಬಿಟ್ಟುಹೋಯಿತು. ಹಾಗಾಗಿ ಸಿಂಥ್‌ನ ರಾಗ ತಾಳದಿಂದ ಸ್ವಲ್ಪ ಜಾರಿತು, ಅದನ್ನು ಹಾಗೇ ಬಿಟ್ಟರು. ಇವತ್ತು ಆ ಜಾಗವನ್ನು ನಿಲ್ಲಿಸಿ ನಿಲ್ಲಿಸಿ ಕೇಳಿದೆ. ಡ್ರಮ್ ಗೆರೆ ಎಳೆದ ಹಾಗೆ ನೇರ, ರಾಗ ಮಾತ್ರ ಅದರ ಮೇಲೆ ಕೂರದೆ ಪಕ್ಕಕ್ಕೆ ವಾಲಿಕೊಂಡೇ ಹೋಗುತ್ತೆ. ಅದು ಸರಿಯಾಗಿ ಕೂತಿದ್ದರೆ ಈ ಹಾಡಿಗೆ ಈ ಚಡಪಡಿಕೆ ಬರುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ನಡುವೆ ಕೋರಸ್ ಥರದ ಒಂದು ದನಿ ತೇಲಿಬರುತ್ತೆ ನೋಡಿ, ಅದು ಜರ್ಮನಿಯ ಕ್ರಾಫ್ಟ್‌ವರ್ಕ್ ಬ್ಯಾಂಡಿನ ಒಂದು ರೆಕಾರ್ಡಿನಿಂದ ಸ್ಯಾಂಪಲ್ ಮಾಡಿದ್ದು, ಅಂದರೆ ತುಣುಕು ಎತ್ತಿಕೊಂಡದ್ದು. ಕ್ರಾಫ್ಟ್‌ವರ್ಕ್ ಸಂಗೀತವನ್ನು ಇವರಿಗೆ ತಂದು ಕೇಳಿಸಿದವನು ಇಯಾನ್. ಇದು ಗೊತ್ತಾದಮೇಲೆ ಆ ಕೋರಸ್ ಬಂದಾಗಲೆಲ್ಲ ನನಗೆ ಅವನ ನೆನಪೇ ಆಗುತ್ತೆ.

ಕವರ್ ಮಾಡಿದವನು ಪೀಟರ್ ಸ್ಯಾವಿಲ್. ಬ್ಯಾಂಡಿನವರ ಹತ್ತಿರ ಒಂದು ಫ್ಲಾಪಿ ಡಿಸ್ಕ್ ನೋಡಿದ, ಅದನ್ನೇ ಕವರ್ ಮಾಡಿದ. ಕಪ್ಪು ಹಾಳೆ, ಅದರಲ್ಲಿ ಕತ್ತರಿಸಿದ ತೂತುಗಳು, ತೂತಿನಿಂದ ಇಣುಕುವ ಬೆಳ್ಳಿ ಬಣ್ಣದ ಒಳಕವರ್. ಮುಂದೆ ಬ್ಯಾಂಡಿನ ಹೆಸರಿಲ್ಲ, ಹಾಡಿನ ಹೆಸರಿಲ್ಲ. ಬಲಗಡೆ ಅಂಚಿನಲ್ಲಿ ಬಣ್ಣದ ಚೌಕಗಳು, ಅದೇ ಹೆಸರಿನ ಸಂಕೇತ. ಅದನ್ನು ಬಿಡಿಸುವ ಕೀಲಿ ಇದ್ದದ್ದು ಎರಡು ತಿಂಗಳ ನಂತರ ಬಂದ 'ಪವರ್, ಕರಪ್ಷನ್ ಅಂಡ್ ಲೈಸ್' ಆಲ್ಬಂ ಹಿಂಭಾಗದಲ್ಲಿ! ಈ ಕವರ್‌ಗೆ ಎಷ್ಟು ಖರ್ಚು ಬಿತ್ತೆಂದರೆ ಒಂದೊಂದು ಪ್ರತಿ ಮಾರಿದಾಗಲೂ ನಷ್ಟವೇ ಆಗುತ್ತಿತ್ತು ಅಂತ ಕಂಪನಿಯವರೇ ಹೇಳಿಕೊಂಡು ತಿರುಗುತ್ತಿದ್ದರು. ಬ್ರಿಟನ್‌ನಲ್ಲಿ ಅತಿ ಹೆಚ್ಚು ಮಾರಾಟವಾದ 12 ಇಂಚಿನ ಸಿಂಗಲ್ ಇದೇ.

ಕಂಪನಿ ಅಂದರೆ ಫ್ಯಾಕ್ಟರಿ ರೆಕಾರ್ಡ್ಸ್, ಮ್ಯಾಂಚೆಸ್ಟರ್‌ನ ಟಿವಿ ನಿರೂಪಕ ಟೋನಿ ವಿಲ್ಸನ್ ಮತ್ತು ಗೆಳೆಯರದ್ದು. ಸರಿಯಾದ ಕರಾರು ಪತ್ರ ಇಲ್ಲ, ಬಂದ ಲಾಭ ಅರ್ಧ ಅರ್ಧ, ಹಾಡಿನ ಹಕ್ಕು ಕಲಾವಿದರದ್ದೇ. 1982ರ ಮೇ 21ರಂದು ಫ್ಯಾಕ್ಟರಿ ಮತ್ತು ನ್ಯೂ ಆರ್ಡರ್ ಸೇರಿ ಹಸಿಯೆಂಡಾ ಕ್ಲಬ್ ತೆರೆದರು. ಬ್ಯಾಂಡಿನ ಮ್ಯಾನೇಜರ್ ರಾಬ್ ಗ್ರೆಟನ್‌ಗೆ ತನ್ನ ಊರಿನಲ್ಲಿ ನ್ಯೂಯಾರ್ಕ್ ಥರದ ಒಂದು ಕ್ಲಬ್ ಬೇಕಿತ್ತು. ದೋಣಿ ಮಾರುವ ಶೋರೂಮ್ ಆಗಿದ್ದ ಕಟ್ಟಡ, ಕಂಬಗಳ ಮೇಲೆ ಹಳದಿ ಕಪ್ಪು ಪಟ್ಟೆ. ಮೊದಮೊದಲು ಜನವೇ ಇಲ್ಲ. ಬ್ಯಾಂಡ್ ದುಡಿದ ದುಡ್ಡು ಅಲ್ಲಿಗೇ ಹೋಗುತ್ತಿತ್ತು. 1988ರ ಹೊತ್ತಿಗೆ ಆಸಿಡ್ ಹೌಸ್ ಅನ್ನುವ ಡ್ಯಾನ್ಸ್ ಸಂಗೀತ ಬಂದು ಕ್ಲಬ್ ತುಂಬಿ ತುಳುಕಿತು, ಆದರೂ ಲಾಭ ಇಲ್ಲ. ಎಕ್ಸ್‌ಟಸಿ ಅನ್ನುವ ಮಾದಕ ಮಾತ್ರೆ ನುಂಗಿ ಕುಣಿಯುವವರು ಬಾರ್‌ನಲ್ಲಿ ನೀರು ಬಿಟ್ಟು ಬೇರೇನು ಕೊಳ್ಳುತ್ತಾರೆ? ಆಮೇಲೆ ಗ್ಯಾಂಗ್‌ಗಳು, ಬಂದೂಕು. 1997ರಲ್ಲಿ ಮುಚ್ಚಿತು. ಈಗ ಆ ಜಾಗದಲ್ಲಿ ಅದೇ ಹೆಸರಿನ ಫ್ಲ್ಯಾಟ್‌ಗಳಿವೆ.

ಮಧ್ಯದ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. 1985ರ 'ಲೋ-ಲೈಫ್' ನನಗೆ ಇಷ್ಟ, 1986ರ 'ಬ್ರದರ್‌ಹುಡ್' ಅಷ್ಟಕ್ಕಷ್ಟೇ, 'ಬಿಜಾರ್ ಲವ್ ಟ್ರಯಾಂಗಲ್' ಒಂದನ್ನು ಬಿಟ್ಟು. 1987ರಲ್ಲಿ 'ಟ್ರೂ ಫೇತ್' 4ನೇ ಸ್ಥಾನಕ್ಕೆ ಹೋಯಿತು. ಇಬಿಜಾ ದ್ವೀಪದಲ್ಲಿ ಶುರು ಮಾಡಿದ 'ಟೆಕ್ನೀಕ್' 1989ರ ಜನವರಿಯಲ್ಲಿ ಬಂತು, ಚಾರ್ಟಿನಲ್ಲಿ ಮೊದಲ ಸ್ಥಾನಕ್ಕೆ ಹೋದ ಅವರ ಮೊದಲ ಆಲ್ಬಂ ಇದು. ಗಿಟಾರ್ ಮತ್ತು ಮೆಷಿನ್ ಜಗಳವಿಲ್ಲದೆ ಒಟ್ಟಿಗೆ ಕೂತ ಆಲ್ಬಂ ಅಂದರೆ ಇದೊಂದೇ, ಇಡೀ ಪಯಣದಲ್ಲಿ ಇದಕ್ಕೇ ನನ್ನ ಮೊದಲ ಅಂಕ. 1990ರಲ್ಲಿ ವಿಶ್ವಕಪ್‌ಗಾಗಿ ಇಂಗ್ಲೆಂಡ್ ಫುಟ್‌ಬಾಲ್ ತಂಡದ ಜೊತೆ ಮಾಡಿದ 'ವರ್ಲ್ಡ್ ಇನ್ ಮೋಷನ್' ಅವರ ಒಂದೇ ಒಂದು ನಂಬರ್ ಒನ್ ಸಿಂಗಲ್. ಆಟಗಾರ ಜಾನ್ ಬಾರ್ನ್ಸ್ ಅದರಲ್ಲಿ ರ‍್ಯಾಪ್ ಮಾಡಿದ್ದಾನೆ, ಚೆನ್ನಾಗಿಯೇ ಮಾಡಿದ್ದಾನೆ.

1992ರ ನವೆಂಬರ್‌ನಲ್ಲಿ ಫ್ಯಾಕ್ಟರಿ ದಿವಾಳಿಯಾಯಿತು. 1993ರಲ್ಲಿ ಲಂಡನ್ ರೆಕಾರ್ಡ್ಸ್ ಮೂಲಕ 'ರಿಪಬ್ಲಿಕ್' ಬಂತು. 'ರಿಗ್ರೆಟ್' ಒಳ್ಳೆಯ ಹಾಡು, ಉಳಿದದ್ದರಲ್ಲಿ ಒಬ್ಬರಿಗೊಬ್ಬರು ಬೇಸತ್ತಿರುವುದು ಕೇಳಿಸುತ್ತೆ. ಆಮೇಲೆ ಐದು ವರ್ಷ ಎಲ್ಲರೂ ಬೇರೆ ಬೇರೆ. 1998ರಲ್ಲಿ ಮತ್ತೆ ಕೂಡಿದರು, ಆಗ ಜಾಯ್ ಡಿವಿಷನ್ ಹಾಡುಗಳನ್ನೂ ನುಡಿಸಿದರು. ಮರುವರ್ಷ ಗ್ರೆಟನ್ ತೀರಿಕೊಂಡ. 2001ರ ಹೊತ್ತಿಗೆ ಮಗಳ ಆರೋಗ್ಯಕ್ಕಾಗಿ ಜಿಲಿಯನ್ ಬ್ಯಾಂಡ್ ಬಿಟ್ಟಳು.

2007ರಲ್ಲಿ ಹುಕ್ ಹೊರನಡೆದ, ಬ್ಯಾಂಡ್ ಮುಗಿಯಿತು ಅಂದ. ಇಲ್ಲ ಅಂದರು ಉಳಿದವರು. ವರ್ಷಗಟ್ಟಲೆ ಜಗಳ, ಕೋರ್ಟು. 2017ರಲ್ಲಿ ರಾಜಿ ಆಯಿತು, ಆದರೆ ಅದು ಕಾಗದದ ರಾಜಿ. ಹುಕ್ ತನ್ನದೇ ಬ್ಯಾಂಡ್ ಕಟ್ಟಿಕೊಂಡು ಹಳೆಯ ಆಲ್ಬಂಗಳನ್ನು ನುಡಿಸುತ್ತಾನೆ. ಇಯಾನ್‌ನ ಸಾವು ಒಡೆಯದ ಸ್ನೇಹವನ್ನು ದುಡ್ಡು ಮತ್ತು ಹೆಸರಿನ ಲೆಕ್ಕ ಒಡೆಯಿತು, ನನಗೆ ಇದು ಬಹಳ ನೋವಿನ ವಿಷಯ. ಯಾರದು ಸರಿ ಅಂತ ಹೇಳಲು ನಾನು ಯಾರು? ಆದರೆ ಹುಕ್‌ನ ಬೇಸ್ ಇಲ್ಲದ ನ್ಯೂ ಆರ್ಡರ್ ಕೇಳುವಾಗ ಏನೋ ಕೊರತೆ ಕಾಣುತ್ತೆ, ಅದನ್ನು ಮುಚ್ಚಿಡಲು ಆಗಲ್ಲ.

2011ರಲ್ಲಿ ಜಿಲಿಯನ್ ವಾಪಸ್ ಬಂದಳು. ಕಾಯಿಲೆ ಬಿದ್ದಿದ್ದ ಹಳೆಯ ಗೆಳೆಯನೊಬ್ಬನ ಚಿಕಿತ್ಸೆಗೆ ದುಡ್ಡು ಕೂಡಿಸಲು ಬ್ರಸೆಲ್ಸ್ ಮತ್ತು ಪ್ಯಾರಿಸ್‌ನಲ್ಲಿ ಶೋ ಮಾಡಿದರು. 2015ರ 'ಮ್ಯೂಸಿಕ್ ಕಂಪ್ಲೀಟ್' 2ನೇ ಸ್ಥಾನಕ್ಕೆ ಹೋಯಿತು. ಸುಮ್ನೆ ಹಳೆಯ ಅಭಿಮಾನದಿಂದ ಹೇಳುತ್ತಿಲ್ಲ, ಅದರಲ್ಲಿ ಸಿಂಥ್‌ಗಳಿಗೆ ಮತ್ತೆ ಜೀವ ಬಂದಿದೆ, ಮತ್ತು ಅದು ಜಿಲಿಯನ್ ಬಂದಿದ್ದಕ್ಕೇ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಹೊಸದಾಗಿ ಕೇಳುವವರು 1987ರ 'ಸಬ್‌ಸ್ಟೆನ್ಸ್' ಸಂಗ್ರಹದಿಂದ ಶುರು ಮಾಡಿ, ಸಿಂಗಲ್‌ಗಳೆಲ್ಲ ಸಾಲಾಗಿ ಸಿಗುತ್ತವೆ. ಒಂದೇ ಮಾತು: ಅದರಲ್ಲಿರುವ ಟೆಂಪ್ಟೇಶನ್ ಆಮೇಲೆ ಹೊಸದಾಗಿ ನುಡಿಸಿದ್ದು. 1982ರ ಮೂಲ ಸಿಂಗಲ್ ಬೇರೆಯಾಗಿ ಸಿಗುತ್ತೆ, ಹುಡುಕಿ ಅದನ್ನೇ ಮೊದಲು ಕೇಳಿ.