ಇಸ್ತ್ರಿಗೆ ಎದ್ದ ಬಣ್ಣ

ದಾವಣಗೆರೆಯಲ್ಲಿ ಎಂಎಸ್ಸಿ ಓದುವಾಗಿನ ಮಾತು. ಬೆಂಜೋಥಯಜೋಲ್ ಎಂಬ ಉಂಗುರದಂಥ ಅಣುವಿನಿಂದ ಅಜೋ ಬಣ್ಣ (ಎರಡು ಸಾರಜನಕ ಪರಮಾಣುಗಳ ಕೊಂಡಿ ಇರುವ ಬಣ್ಣ) ಮಾಡಿ ಪಾಲಿಯೆಸ್ಟರ್ ಬಟ್ಟೆಗೆ ಹಾಕಿ ನೋಡುವುದು ನನ್ನ ಪ್ರಾಜೆಕ್ಟ್. ಮೊದಲ ಎರಡು ವಾರ ಏನೂ ಕೈಗೆ ಹತ್ತಲಿಲ್ಲ. ಇಂಥ ಬಣ್ಣಕ್ಕೆ ಮೊದಲು ಅಮೈನನ್ನು ಡಯಜೋಟೈಸ್ ಮಾಡಬೇಕು, ಅಂದರೆ ಅದರ ಅಮಿನೋ ಗುಂಪನ್ನು ಇನ್ನೊಂದು ಅಣುವಿಗೆ ಕೂಡಿಕೊಳ್ಳುವ ಹಾಗೆ ಬದಲಿಸಬೇಕು. ಸರಳ ಅಮೈನ್ ಆದ ಅನಿಲೀನ್ ಆದರೆ ಹೈಡ್ರೋಕ್ಲೋರಿಕ್ ಆಸಿಡ್, ಐಸು, ಸೋಡಿಯಂ ನೈಟ್ರೈಟ್ ಇದ್ದರೆ ಮುಗೀತು. ನನ್ನ ಹತ್ತಿರ ಇದ್ದದ್ದು 2-ಅಮಿನೋ-6-ನೈಟ್ರೋಬೆಂಜೋಥಯಜೋಲ್. ಅದರ ಉಂಗುರವೂ ನೈಟ್ರೋ ಗುಂಪೂ ಸೇರಿ ಅಮಿನೋ ಗುಂಪಿನ ಎಲೆಕ್ಟ್ರಾನುಗಳನ್ನು ಎಳೆದುಕೊಂಡಿರುತ್ತವೆ. ಅಷ್ಟಕ್ಕೆಲ್ಲ ಅದು ಡಯಜೋಟೈಸ್ ಆಗುವುದಿಲ್ಲ. ಕಡೆಗೆ ಸಲ್ಫ್ಯೂರಿಕ್ ಆಸಿಡ್‌ನಲ್ಲೇ ನೈಟ್ರೈಟ್ ಕರಗಿಸಿ, ತಣ್ಣಗೆ ಮಾಡಿ, ಅದರೊಳಗೆ ಅಮೈನ್ ಹಾಕುವುದು ಕಲಿತೆ.

ಅವತ್ತು ಎರಡು ತಾಸು ಐಸಿನ ತೊಟ್ಟಿಯ ಪಕ್ಕದಿಂದ ಏಳಲಿಲ್ಲ. ಥರ್ಮಾಮೀಟರ್ 5 ಡಿಗ್ರಿ ದಾಟುವ ಹಾಗಿಲ್ಲ. ಆಮೇಲೆ ಆ ದ್ರಾವಣವನ್ನು, ಅದರ ಜೊತೆ ಕೂಡಿ ಬಣ್ಣವಾಗುವ ಡೈಈಥೈಲ್ ಅನಿಲೀನ್ ಇದ್ದ ಬೀಕರಿಗೆ ಹನಿ ಹನಿಯಾಗಿ ಬಿಟ್ಟೆ. ಮೊದಲ ಹನಿ ಬಿದ್ದ ಕಡೆ ನೇರಳೆ ಬಣ್ಣದ ಎಳೆಯೊಂದು ಸುತ್ತಿಕೊಂಡು ಕೆಳಗಿಳಿಯಿತು. ಹತ್ತು ನಿಮಿಷದಲ್ಲಿ ಬೀಕರ್ ಪೂರ್ತಿ ನೇರಳೆ ಹಣ್ಣಿನ ರಸದಂತೆ! ಕಣ್ಣು ತುಂಬಿ ಬಂತು.

ಬಟ್ಟೆಯ ತುಂಡನ್ನು ಬಣ್ಣದ ನೀರಿನ ಜೊತೆ ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, 130 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟೆವು. ಅಷ್ಟು ಕಾವಿಗೆ ಪಾಲಿಯೆಸ್ಟರ್ ಎಳೆ ಸಡಿಲವಾಗಿ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಮೇಲೆ ಕೂತ ಬಣ್ಣ ಹೋಗಲೆಂದು ಹೈಡ್ರೋಸ್ (ಬಣ್ಣ ಕಳೆಯುವ ಪುಡಿ), ಕಾಸ್ಟಿಕ್ ಸೋಡಾ ಹಾಕಿದ ಬಿಸಿನೀರಲ್ಲಿ ತೊಳೆದೆವು. ಒಗೆದು ನೋಡುವ ಪರೀಕ್ಷೆಯಲ್ಲಿ 5ಕ್ಕೆ 4-5 (4 ಮತ್ತು 5ರ ನಡುವಿನ ದರ್ಜೆ) ಬಂತು. ಜೊತೆಗೆ ಹಾಕಿದ್ದ ಹತ್ತಿ ಚೂರು ಮಾತ್ರ ಸುಮ್ನೆ ಮಾಸಿದಂತಿತ್ತು. ಅದು ಗೊತ್ತಿದ್ದದ್ದೇ. ಇದು ಹತ್ತಿಗೆ ಹಿಡಿಯುವ ಬಣ್ಣವಲ್ಲ.

ಖುಷಿಯಲ್ಲಿ ಆ ತುಂಡನ್ನು ಮನೆಗೆ ತಂದೆ. ನಮ್ಮಪ್ಪ ಟೈಲರ್. ಬೆಳಕಿಗೆ ಹಿಡಿದು ನೋಡಿದರು, ಉಗುರಿಂದ ಕೆರೆದರು, ಒದ್ದೆ ಬಟ್ಟೆಯಲ್ಲಿ ತಿಕ್ಕಿದರು. ಏನೂ ಆಗಲಿಲ್ಲ. ಆಮೇಲೆ ಬಿಳಿ ಪಂಚೆಯ ಚೂರಿನ ಮೇಲೆ ಅದನ್ನಿಟ್ಟು, ಚೆನ್ನಾಗಿ ಕಾದ ಇಸ್ತ್ರಿ ಪೆಟ್ಟಿಗೆ ಒತ್ತಿದರು. ತೆಗೆದಾಗ ಪಂಚೆಯ ಮೇಲೆ ಗುಲಾಬಿ ಬಣ್ಣದ ಚೌಕ.

"ಬಣ್ಣ ಎದ್ದು ಬಂತಲ್ಲವ್ವಾ. ಪ್ಯಾಂಟಿಗಾದ್ರೆ ನಡೆಯಲ್ಲ ಇದು" ಅಂದರು.

ನನಗೆ ಮಾತೇ ಹೊರಡಲಿಲ್ಲ. ಅಣು ಚಿಕ್ಕದು, ಹೆಚ್ಚು ಕಾವಿಗೆ ಆವಿಯಾಗಿ ಪಕ್ಕದ ಬಟ್ಟೆಗೆ ಹಾರುತ್ತದೆ. ಓದಿದ್ದೆ, ಆದರೆ ನೋಡಿರಲಿಲ್ಲ. ಮರುದಿನ ಲ್ಯಾಬಿನಲ್ಲಿ 180 ಡಿಗ್ರಿಗೆ 30 ಸೆಕೆಂಡ್ ಒತ್ತಿ ನೋಡಿದೆವು. ಅದೇ ಕಲೆ.

ಡೈಈಥೈಲ್ ಅನಿಲೀನ್ ಬಿಟ್ಟು, ಸೈಯನೋಈಥೈಲ್ ಮತ್ತು ಅಸಿಟಾಕ್ಸಿಈಥೈಲ್ ಗುಂಪುಗಳಿದ್ದ ಅನಿಲೀನ್ ಹಿಡಿದು ಮತ್ತೆ ಐಸಿನ ಮುಂದೆ ಕೂತೆ. ಈ ಸಲ ಬಂದದ್ದು ನೇರಳೆಯಲ್ಲ, ಕೆಂಪು. ಅಣು ದೊಡ್ಡದು, ಧ್ರುವೀಯತೆಯೂ (ಅಣುವಿನೊಳಗಿನ ವಿದ್ಯುದಂಶದ ಏರುಪೇರು) ಜಾಸ್ತಿ, ಹಾಗಾಗಿ ಅಷ್ಟು ಸುಲಭಕ್ಕೆ ಆವಿಯಾಗಬಾರದು. ಬಟ್ಟೆ ಒಣಗಿದ ಸಂಜೆಯೇ ಅಪ್ಪನ ಮೇಜಿನ ಮೇಲಿಟ್ಟೆ. ಅವರು ಕೇಳುವ ಮೊದಲೇ ನಾನೇ ಪಂಚೆಯ ಚೂರು ಹಾಸಿ, ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಹಾಕಿದೆ.