ಓಕ್ ಟ್ರೀ ರಸ್ತೆಯಿಂದ ವಾಷಿಂಗ್ಟನ್ ಬಂಡೆಯವರೆಗೆ

ನ್ಯೂಜೆರ್ಸಿಗೆ ಹೋಗಿಬಂದ ಕನ್ನಡಿಗರಲ್ಲಿ ಎಡಿಸನ್‌ನ ಓಕ್ ಟ್ರೀ ರಸ್ತೆ ಗೊತ್ತಿಲ್ಲದವರು ಕಡಿಮೆ. ಸೀರೆ ಅಂಗಡಿ, ಚಿನ್ನದ ಅಂಗಡಿ, ದೋಸೆ ಹೋಟೆಲು, ಕರಿಬೇವು ನುಗ್ಗೆಕಾಯಿ ಸಿಗುವ ದಿನಸಿ ಅಂಗಡಿ, ಎಲ್ಲ ಒಂದೇ ಸಾಲಿನಲ್ಲಿ. ಮಗನ ಮನೆಗೋ ಮಗಳ ಮನೆಗೋ ಬಂದ ಅಪ್ಪ ಅಮ್ಮಂದಿರನ್ನು ಮೊದಲ ವಾರವೇ ಕರೆತರುವುದು ಇಲ್ಲಿಗೆ. ಅದೇ ರಸ್ತೆಯಲ್ಲಿ ಪಶ್ಚಿಮಕ್ಕೆ ಕಾರು ಓಡಿಸಿದರೆ ಅಂಗಡಿಗಳು ಮುಗಿದು ಮನೆಗಳು ಶುರುವಾಗುತ್ತವೆ, ಆಮೇಲೆ ಓಕ್ ಟ್ರೀ ಪಾಂಡ್ ಎಂಬ ಪುಟ್ಟ ಕೊಳ ಸಿಗುತ್ತದೆ. ಯಾರೂ ಕಾರು ನಿಲ್ಲಿಸುವುದಿಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1777ರ ಜೂನ್ 26ರ ಬೆಳಿಗ್ಗೆ, ಬ್ರಿಟಿಷ್ ಸೈನ್ಯಕ್ಕೂ ಅಮೆರಿಕನ್ನರಿಗೂ ಗುಂಡಿನ ಕಾಳಗ ನಡೆದದ್ದು ಈ ಕೊಳದ ಆಸುಪಾಸಿನಲ್ಲಿ. ಇಲ್ಲಿಂದ ವಾಚಂಗ್ ಬೆಟ್ಟದ ನೆತ್ತಿಯವರೆಗಿನ ದಾರಿಯನ್ನು ಹಿಡಿದರೆ, ಒಂದು ಸೈನ್ಯ ತಾನಾಗಿ ಹಿಂದೆ ಸರಿದು ಹೇಗೆ ಬದುಕಿಕೊಂಡಿತು ಎಂಬುದು ನೆಲದ ಮೇಲೆಯೇ ಅರ್ಥವಾಗುತ್ತದೆ. ಭಾರತದಿಂದ ಬಂದವರಿಗೆ ಲಿಬರ್ಟಿ ಪ್ರತಿಮೆ ತೋರಿಸುವವರು ಇದನ್ನೂ ತೋರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಿಂದಿನ ವರ್ಷದ ಕಥೆ ಚುಟುಕಾಗಿ. 1776ರ ನವೆಂಬರ್ 16ರಂದು ನ್ಯೂಯಾರ್ಕಿನಲ್ಲಿದ್ದ ಅಮೆರಿಕನ್ನರ ಕೋಟೆ ಫೋರ್ಟ್ ವಾಷಿಂಗ್ಟನ್ ಬಿತ್ತು, 2,800ಕ್ಕೂ ಹೆಚ್ಚು ಸೈನಿಕರು ಸೆರೆಯಾದರು. ನಾಲ್ಕೇ ದಿನಕ್ಕೆ ಬ್ರಿಟಿಷ್ ಸೇನಾನಿ ಲಾರ್ಡ್ ಕಾರ್ನ್‌ವಾಲಿಸ್ ಹಡ್ಸನ್ ನದಿ ದಾಟಿ ಎದುರು ದಡದ ಕಡಿದಾದ ಬಂಡೆಗೋಡೆ ಹತ್ತಿ ಬಂದ. ಸುದ್ದಿ ತಲುಪಿದ್ದು ಕೊನೆ ಗಳಿಗೆಯಲ್ಲಿ. ಫೋರ್ಟ್ ಲೀಯಲ್ಲಿದ್ದ, ಅಮೆರಿಕನ್ನರ ಸೇನಾಪತಿ ಜಾರ್ಜ್ ವಾಷಿಂಗ್ಟನ್‌ನ ಸೈನ್ಯ ಡೇರೆ, ಫಿರಂಗಿ, ದಿನಸಿ ಎಲ್ಲವನ್ನೂ ಬಿಟ್ಟು ನ್ಯೂ ಬ್ರಿಜ್ ಎಂಬಲ್ಲಿ ಹ್ಯಾಕೆನ್‌ಸ್ಯಾಕ್ ನದಿ ದಾಟಿತು. ಆ ಜಾಗ ಈಗಲೂ ಇದೆ, ನೋಡಲು ಅರ್ಧ ಗಂಟೆ ಸಾಕು. ನ್ಯೂವಾರ್ಕ್, ನ್ಯೂ ಬ್ರನ್ಸ್‌ವಿಕ್, ಪ್ರಿನ್ಸ್‌ಟನ್, ಟ್ರೆಂಟನ್ ಹಾದು ಡಿಸೆಂಬರ್ 7, 8ರ ಹೊತ್ತಿಗೆ ಡೆಲವೇರ್ ನದಿಯ ಆಚೆ ದಡ. ನ್ಯೂ ಬ್ರನ್ಸ್‌ವಿಕ್‌ನಲ್ಲಿ ಶತ್ರು ಬೆನ್ನಿಗೇ ಇದ್ದಾಗ ಸುಮಾರು 2,000 ಮಂದಿ ಸೇವೆಯ ಅವಧಿ ಮುಗಿಯಿತೆಂದು ಮನೆಗೆ ಹೊರಟುಬಿಟ್ಟರು. ನದಿಯ ದೋಣಿಗಳನ್ನೆಲ್ಲ ಮೈಲಿಗಟ್ಟಲೆ ಹುಡುಕಿ ತನ್ನ ದಡಕ್ಕೆ ಎಳೆಸಿಕೊಂಡದ್ದರಿಂದ ಬ್ರಿಟಿಷರು ದಾಟಲಾಗಲಿಲ್ಲ. ಸೈನ್ಯ ಉಳಿದದ್ದು ಹಾಗೆ.

ಆ ಹಿನ್ನಡೆಯಲ್ಲಿ ಇಲ್ಲದೆ ಹೋದದ್ದು ಮುನ್ನೋಟ. 1777ರಲ್ಲಿ ಅದನ್ನು ಒದಗಿಸಿದ್ದು ವಾಚಂಗ್ ಬೆಟ್ಟ ಮತ್ತು ಅದರ ಬುಡದ ಊರುಗಳ ರೈತರು.

ಬೆಟ್ಟ ಎತ್ತರದ್ದೇನಲ್ಲ. ಚಾರ್ಮಾಡಿ, ಆಗುಂಬೆ ಕಂಡವರಿಗೆ ಇದು ದಿಣ್ಣೆ. ಹಳೆಯ ಲಾವಾ ಗಟ್ಟಿಯಾಗಿ ಆದ ಕರಿಗಲ್ಲಿನ ಉದ್ದನೆಯ ಏಣು ಅದು. ಬಯಲಿನ ಕಡೆಗೆ ಕಡಿದಾಗಿದೆ, ಒಳಗೆ ಹೋಗಲು ಕೆಲವೇ ಕಣಿವೆ ಬಾಯಿಗಳಿವೆ. ಆ ಬಾಯಿಗಳನ್ನು ಹಿಡಿದವನಿಗೆ ಒಳಗಿನ ಊರುಗಳು ಭದ್ರ. ಮೇ ಕೊನೆಯಲ್ಲಿ ವಾಷಿಂಗ್ಟನ್ ಮಾರಿಸ್‌ಟೌನ್‌ನಿಂದ ಇಳಿದು ಬೌಂಡ್ ಬ್ರೂಕ್ ಮೇಲಿನ ಮಿಡ್ಲ್‌ಬ್ರೂಕ್‌ನಲ್ಲಿ ಬೀಡುಬಿಟ್ಟ. ಗ್ರೀನ್ ಬ್ರೂಕ್ ಊರಿನ ಮೇಲೆ ಏಣಿನ ಅಂಚಿಗೆ ಚಾಚಿಕೊಂಡಿರುವ ಬಂಡೆಗೆ ಇವತ್ತು ವಾಷಿಂಗ್ಟನ್ ರಾಕ್ ಎಂದು ಹೆಸರು. ಆ ಮೇ, ಜೂನ್ ತಿಂಗಳಲ್ಲಿ ಅವನು ಶತ್ರುವಿನ ಚಲನೆ ನೋಡಿದ್ದು ಇಲ್ಲಿಂದ. 1913ರಲ್ಲಿ ರಾಜ್ಯ ಸರ್ಕಾರ ಈ ಜಾಗವನ್ನು ಉದ್ಯಾನವಾಗಿ ಕಾಯ್ದಿಟ್ಟಿತು.

ಬಂಡೆಯ ಮೇಲೆ ನಿಂತು ಲೆಕ್ಕ ಹಾಕಿದರೆ ಕಾವಲಿನವರ ಕೆಲಸ ಸ್ಪಷ್ಟವಾಗುತ್ತದೆ. ಬಯಲಿನಿಂದ ಸುಮಾರು 120, 130 ಮೀಟರ್ ಮೇಲಿದ್ದೇವೆ ಎಂದರೆ ದಿಗಂತ 40 ಕಿ.ಮೀ. ಆಚೆ. ಬ್ರಿಟಿಷರಿದ್ದ ನ್ಯೂ ಬ್ರನ್ಸ್‌ವಿಕ್ ನೇರ ಗೆರೆಯಲ್ಲಿ ಸುಮಾರು 14 ಕಿ.ಮೀ. ದಕ್ಷಿಣಕ್ಕೆ. ಸಮುದ್ರ ಮುಟ್ಟುವ ಪರ್ತ್ ಆಂಬಾಯ್ ಸುಮಾರು 20 ಕಿ.ಮೀ. ಆಗ್ನೇಯಕ್ಕೆ. ಆ ದೂರದಲ್ಲಿ ಬರಿಗಣ್ಣಿಗೆ ಮನುಷ್ಯ ಕಾಣುವುದಿಲ್ಲ, ದುರ್ಬೀನಿಗೂ ಒಬ್ಬೊಬ್ಬನಾಗಿ ಕಾಣುವುದು ಕಷ್ಟ. ಕಾಣುವುದು ಧೂಳು, ಹೊಗೆ, ಡೇರೆಗಳ ಬಿಳಿ, ಹಡಗಿನ ಪಟಸ್ತಂಭ. ಒಣ ಮಣ್ಣಿನ ರಸ್ತೆಯಲ್ಲಿ ಸಾವಿರಾರು ಕಾಲು, ಗಾಡಿ, ಕುದುರೆ ನಡೆದರೆ ಏಳುವ ಧೂಳು ಯಾವ ರಸ್ತೆ, ಯಾವ ದಿಕ್ಕು ಎಂಬುದನ್ನು ತಾನೇ ಹೇಳುತ್ತದೆ. ಮಳೆ ಬಿದ್ದ ಮಾರನೆಯ ದಿನ ಆ ಗುರುತು ಇಲ್ಲ. ರಾತ್ರಿ ಹೊರಟ ದಂಡಿನದೂ ಗೊತ್ತಾಗದು. ಅದಕ್ಕೇ ಬಂಡೆಯ ಮೇಲಿನ ಕಣ್ಣು ಸಾಲದು, ಬಯಲಿನಲ್ಲಿ ರಸ್ತೆ ಕೂಡುವ ಕಡೆಯಲ್ಲೆಲ್ಲ ಕಾವಲಿನವರು ಬೇಕು.

ಅವರು ಮಿಲಿಷಿಯಾದವರು. ನ್ಯೂಜೆರ್ಸಿಯ ಕಾನೂನಿನಂತೆ 16ರಿಂದ 50 ವರ್ಷದ ಗಂಡಸರು ಸೇರಬೇಕು, ಸರದಿಯ ಮೇಲೆ ಪಾಳಿಗೆ ಬರಬೇಕು, ಪಾಳಿ ಮುಗಿದರೆ ಹೊಲಕ್ಕೆ ಮರಳಬೇಕು. ಎದುರಾಬದುರು ಸಾಲುಗಟ್ಟಿ ನಿಂತು ಕಾದಾಡುವುದರಲ್ಲಿ ಇವರು ಹಿಂದೆ. ಆದರೆ ಯಾವ ತೊರೆಗೆ ಎಲ್ಲಿ ಹಾಯಗಡವಿದೆ, ಯಾರ ಮನೆ ಯಾರ ಕಡೆಗೆ, ಇವೆಲ್ಲ ಇವರಿಗೆ ಬಾಯಿಪಾಠ. ಆ ಚಳಿಗಾಲವಿಡೀ ಮೇವು, ಧಾನ್ಯ ಹುಡುಕಲು ಬಂದ ಬ್ರಿಟಿಷ್ ತಂಡಗಳ ಮೇಲೆ ಇವರು ಎರಗಿ ಎರಗಿ, ನಾಲ್ಕು ಗಾಡಿ ಹುಲ್ಲಿಗೂ ದೊಡ್ಡ ಬೆಂಗಾವಲು ಕಳಿಸುವ ಸ್ಥಿತಿ ತಂದಿಟ್ಟಿದ್ದರು.

ಜೂನ್ ಮಧ್ಯದಲ್ಲಿ ಬ್ರಿಟಿಷರ ಸೇನಾಪತಿ ಜನರಲ್ ಹೌ ನ್ಯೂ ಬ್ರನ್ಸ್‌ವಿಕ್‌ನಿಂದ ದೊಡ್ಡ ಸೈನ್ಯ ಹೊರಡಿಸಿ ಮಿಡ್ಲ್‌ಬುಷ್ ಕಡೆ ಬಂದು ಕುಳಿತ. ವಾಷಿಂಗ್ಟನ್ ಬೆಟ್ಟ ಇಳಿದು ಬಯಲಿಗೆ ಬರಲಿ ಎಂಬ ಹೂಟ. ಬರಲಿಲ್ಲ. ಹೌ ಹಿಂದಿರುಗಿ, ಜೂನ್ 22ರಂದು ನ್ಯೂ ಬ್ರನ್ಸ್‌ವಿಕ್ ಅನ್ನೇ ಬಿಟ್ಟು ಆಂಬಾಯ್‌ಗೆ ಸರಿದ. ಈಗ ಅಮೆರಿಕನ್ನರು ಬೆನ್ನಟ್ಟಿ ಇಳಿದರು: ವಾಷಿಂಗ್ಟನ್ ಕ್ವಿಬಲ್‌ಟೌನ್‌ವರೆಗೆ, ಅದು ಇವತ್ತಿನ ಪಿಸ್ಕ್ಯಾಟವೇ ಊರಿನ ನ್ಯೂ ಮಾರ್ಕೆಟ್ ಭಾಗ. ಅಮೆರಿಕನ್ನರದೇ ಸೇನಾನಿ ಲಾರ್ಡ್ ಸ್ಟರ್ಲಿಂಗ್ ಸುಮಾರು 2,500 ಜನರೊಂದಿಗೆ ಇನ್ನೂ ಮುಂದೆ, ಈಗಿನ ಎಡಿಸನ್ ಕಡೆಯ ದಿಣ್ಣೆಗಳಲ್ಲಿ. ಹೌ ಕಾದಿದ್ದು ಇದಕ್ಕೇ. 26ರ ನಸುಕಿಗೂ ಮುಂಚೆ ಎರಡು ದಂಡುಗಳು ಆಂಬಾಯ್‌ನಿಂದ ಹೊರಟವು. ಕಾರ್ನ್‌ವಾಲಿಸ್‌ನದು ಬಲಗಡೆ, ವುಡ್‌ಬ್ರಿಜ್ ಮೇಲಾಗಿ. ಅವನ ಕೆಲಸ ವಾಷಿಂಗ್ಟನ್‌ನ ಎಡ ಮಗ್ಗುಲು ಸುತ್ತಿ ಬೆಟ್ಟದ ಬಾಯಿಗಳನ್ನು ಮೊದಲು ಹಿಡಿಯುವುದು.

ಅದು ಕೈಗೂಡಿದ್ದರೆ ಬಯಲಿನಲ್ಲಿದ್ದ ಸೈನ್ಯ ಬೋನಿಗೆ ಬೀಳುತ್ತಿತ್ತು. ವುಡ್‌ಬ್ರಿಜ್‌ನಲ್ಲಿ ಮುಂಗಾವಲಿನವರೊಂದಿಗೆ ಗುಂಡಿನ ಚಕಮಕಿ ಶುರುವಾದದ್ದೇ ಎಚ್ಚರಿಕೆಯ ಗಂಟೆಯಾಯಿತು. ಸ್ಟರ್ಲಿಂಗ್ ಓಕ್ ಟ್ರೀ ಹತ್ತಿರ ತಡೆದು, ಹಿಂದೆ ಸರಿದು, ಸ್ಕಾಚ್ ಪ್ಲೇನ್ಸ್‌ನ ಆಷ್ ಜೌಗಿನ ಬಳಿ ಮತ್ತೆ ತಡೆದ. ಮೂರು ಫಿರಂಗಿ ಕಳೆದುಕೊಂಡ, ಜನರನ್ನೂ ಕಳೆದುಕೊಂಡ. ಅಷ್ಟು ಹೊತ್ತಿನಲ್ಲಿ ವಾಷಿಂಗ್ಟನ್ ಮುಖ್ಯ ಸೈನ್ಯವನ್ನು ಬೆಟ್ಟಕ್ಕೆ ಹತ್ತಿಸಿಬಿಟ್ಟಿದ್ದ. ಬಿಸಿಲು ಭಯಂಕರವಾಗಿತ್ತು, ಉಣ್ಣೆಯ ಸಮವಸ್ತ್ರದಲ್ಲಿ ಹೊರೆ ಹೊತ್ತು ನಡೆದ ಬ್ರಿಟಿಷ್ ಸೈನಿಕರು ದಾರಿಯಲ್ಲಿ ಕುಸಿದರು. ಕಾರ್ನ್‌ವಾಲಿಸ್ ಬೆಟ್ಟ ನೋಡಿ, ಹತ್ತುವುದು ದಂಡ ಎಂದು ವೆಸ್ಟ್‌ಫೀಲ್ಡ್ ಕಡೆ ತಿರುಗಿದ. ಜೂನ್ ಮುಗಿಯುವಷ್ಟರಲ್ಲಿ ಹೌನ ಸೈನ್ಯ ನ್ಯೂಜೆರ್ಸಿಯನ್ನೇ ಖಾಲಿಮಾಡಿ ಸ್ಟ್ಯಾಟನ್ ಐಲೆಂಡ್‌ಗೆ ದಾಟಿತು.

ಸ್ಕಾಚ್ ಪ್ಲೇನ್ಸ್‌ನ ಫ್ರೇಜಿ ಮನೆ ಈ ದಾರಿಯಲ್ಲೇ ಇದೆ. ಊರವರು ಹೇಳುವ ಕಥೆ: ಕಾಳಗದ ದಿನ ಬೆಟ್ಟಿ ಫ್ರೇಜಿ ಎಂಬಾಕೆ ಅಮೆರಿಕನ್ ಸೈನಿಕರಿಗಾಗಿ ಬ್ರೆಡ್ಡು ಬೇಯಿಸುತ್ತಿದ್ದಳು. ಕಾರ್ನ್‌ವಾಲಿಸ್ ಬಂದು ಕೇಳಿದಾಗ, ‘ಪ್ರೀತಿಯಿಂದಲ್ಲ, ಹೆದರಿ ಕೊಡುತ್ತಿದ್ದೇನೆ’ ಎಂದಳಂತೆ. ಅವನು ತನ್ನ ಸೈನಿಕರಿಗೆ, ಯಾರೂ ಮುಟ್ಟಬೇಡಿ ಎಂದನಂತೆ. ಕಥೆ ಎಷ್ಟು ನಿಜವೋ, ಮನೆಯಂತೂ ನಿಂತಿದೆ. ಕನ್ನಡಿಗರಿಗೆ ಇಲ್ಲಿ ನೆನಪಾಗಬೇಕಾದ್ದು ಬೇರೆಯೇ ಇದೆ. ಇದೇ ಕಾರ್ನ್‌ವಾಲಿಸ್ 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾಗಿ, ಆಮೇಲೆ ಗವರ್ನರ್ ಜನರಲ್ ಆಗಿ ನಮ್ಮ ಕಡೆ ಬಂದ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಅರಕೆರೆಯ ಹತ್ತಿರ ಟಿಪ್ಪುವಿನೊಂದಿಗೆ ಕಾದಾಡಿ ಗೆದ್ದರೂ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲಾಗಲಿಲ್ಲ. ಮಳೆ ಹಿಡಿಯಿತು, ಎತ್ತುಗಳು ಸತ್ತವು, ದವಸ ಮುಗಿಯಿತು. ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದೆ ಸರಿದ. ಮರಾಠರ ಸೈನ್ಯ ದವಸ ಸಮೇತ ಹತ್ತಿರಕ್ಕೇ ಬಂದಿತ್ತು, ಅವನಿಗೆ ಸುದ್ದಿಯೇ ಇರಲಿಲ್ಲ, ಏಕೆಂದರೆ ಟಿಪ್ಪುವಿನ ಲಘು ಕುದುರೆ ಪಡೆ ಓಲೆಕಾರರನ್ನು ದಾರಿಯಲ್ಲೇ ಹಿಡಿಯುತ್ತಿತ್ತು. ಎರಡು ಖಂಡಗಳಲ್ಲಿ ಒಬ್ಬನೇ ಸೇನಾನಿಯನ್ನು ಸುದ್ದಿಯ ಲೆಕ್ಕದಲ್ಲಿ ಸ್ಥಳೀಯರು ಹಿಂದಿಕ್ಕಿದ್ದನ್ನು ಆ ಮನೆಯ ಮುಂದೆ ನಿಂತು ಯೋಚಿಸುವುದು ರೋಮಾಂಚಕ.

ದಾರಿಯ ಬಗ್ಗೆ ಒಂದು ಎಚ್ಚರಿಕೆ. ಇಲ್ಲಿ ಹೆಸರುಗಳು ದಾರಿ ತಪ್ಪಿಸುತ್ತವೆ. ಷಾರ್ಟ್ ಹಿಲ್ಸ್ ಕಾಳಗ ಎಂದು ಪುಸ್ತಕದಲ್ಲಿರುವುದು ಈ ಜೂನ್ 26ರ ಕಾಳಗವೇ, ಎಡಿಸನ್, ಸ್ಕಾಚ್ ಪ್ಲೇನ್ಸ್‌ನಲ್ಲಿ ನಡೆದದ್ದು. ಷಾರ್ಟ್ ಹಿಲ್ಸ್ ಎಂದು ಮ್ಯಾಪ್‌ಗೆ ಹಾಕಿದರೆ ಮಿಲ್‌ಬರ್ನ್ ಕಡೆಯ ಶಾಪಿಂಗ್ ಮಾಲ್ ಬರುತ್ತದೆ. ವಾಷಿಂಗ್ಟನ್ ರಾಕ್ ಕೂಡ ಎರಡಿವೆ, ಇನ್ನೊಂದು ಇಪ್ಪತ್ತು ಕಿ.ಮೀ.ಗೂ ಮಿಕ್ಕಿ ದೂರದ ಸೌತ್ ಮೌಂಟನ್ ಕಾಡಿನಲ್ಲಿ. ಜೊತೆಗೆ ಹೊರಟ ಎರಡನೆಯ ಕಾರಿನ ಚಾಲಕ ನೇರ ಅಲ್ಲಿಗೇ ಹೋಗಿ ಕುಳಿತ, ಒಳ್ಳೆಯ ಬೆಳಕಿನ ಮಧ್ಯಾಹ್ನ ಹಾಳಾಯಿತು, ಆ ಸಿಟ್ಟು ಇನ್ನೂ ಇಳಿದಿಲ್ಲ. ಗ್ರೀನ್ ಬ್ರೂಕ್ ಎಂದು ಸೇರಿಸಿಯೇ ಹುಡುಕಿ. ಬಂಡೆ ಆಗ್ನೇಯಕ್ಕೆ ಮುಖ ಮಾಡಿರುವುದರಿಂದ ಬೆಳಿಗ್ಗೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಮಧ್ಯಾಹ್ನ ಮೂರರ ಮೇಲೆ ಹೋಗಿ. ಬೇಸಿಗೆಯಲ್ಲಿ ಮಬ್ಬು, ಎಲೆಗಳ ಅಡ್ಡ. ಎಲೆ ಉದುರಿದ ಮೇಲೆ, ಮಳೆ ನಿಂತು ವಾಯವ್ಯದ ಗಾಳಿ ಬೀಸಿದ ದಿನ ಮ್ಯಾನ್‌ಹಟನ್‌ನ ಗೋಪುರಗಳವರೆಗೂ ಕಾಣುತ್ತದೆ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು ಇದ್ದರೆ ಸಾಕು, ಹೆಚ್ಚಿನದಾದರೆ ಕೈ ನಡುಗಿ ಪ್ರಯೋಜನವಿಲ್ಲ. ಪ್ಲೇನ್‌ಫೀಲ್ಡ್‌ನಲ್ಲಿ ಡ್ರೇಕ್ ಮನೆ ಇದೆ, ಆ ಕಾಳಗದ ದಿನಗಳಲ್ಲಿ ವಾಷಿಂಗ್ಟನ್ ಅಲ್ಲಿ ಅಧಿಕಾರಿಗಳೊಂದಿಗೆ ಸಮಾಲೋಚಿಸಿದನೆಂಬ ಪ್ರತೀತಿ. ತೆರೆದಿರುವ ಹೊತ್ತು ಬಹಳ ಕಡಿಮೆ, ವಿಚಾರಿಸಿಕೊಂಡು ಹೋಗಿ.

ಬಂಡೆಯ ಬಳಿ ಹಳೆಯ ಕಾಲದ ಮಿಲಿಷಿಯಾ ವೇಷದ ಪ್ರದರ್ಶನಗಳಲ್ಲಿ ಭಾಗವಹಿಸುವ ವೃದ್ಧರೊಬ್ಬರು ಸಿಕ್ಕರು. ಮಾತು ಬೀಕನ್‌ಗಳಿಗೆ, ಅಂದರೆ ಶತ್ರು ಬಂದನೆಂದು ಎಚ್ಚರಿಸಲು ಬೆಟ್ಟದ ಮೇಲೆ ಹೊತ್ತಿಸುತ್ತಿದ್ದ ಬೆಂಕಿಯ ರಾಶಿಗಳಿಗೆ, ಬಂದು ಅಲ್ಲೇ ನಿಂತಿತು.

‘ಬಂಡೆ ಎಲ್ಲರೂ ನೋಡ್ತಾರೆ ಸರ್, ಬೀಕನ್ ಹೇಗೆ ಕಟ್ತಿದ್ರು ಅಂತ ಯಾರೂ ಕೇಳೋದಿಲ್ಲ’ ಎಂದು ಶುರುಮಾಡಿದರು. 1779ರ ವಸಂತದಲ್ಲಿ ಸೈನ್ಯ ಮತ್ತೆ ಮಿಡ್ಲ್‌ಬ್ರೂಕ್‌ನಲ್ಲಿದ್ದಾಗ ಬೆಟ್ಟದ ಸಾಲಿಗೆ ಬೀಕನ್‌ಗಳ ವ್ಯವಸ್ಥೆ ಆಯಿತು. ಕಟ್ಟುವ ವಿಧಾನ ಬರೆದುಕೊಟ್ಟವನು ಅದೇ ಸ್ಟರ್ಲಿಂಗ್. ಬುಡ 14 ಅಡಿ ಚೌಕ, ಮೇಲಕ್ಕೆ ಹೋದಂತೆ ಸಣ್ಣದಾಗುತ್ತ 18ರಿಂದ 20 ಅಡಿ ಎತ್ತರ, ತುದಿಯಲ್ಲಿ 6 ಅಡಿ ಚೌಕ. ನಡುವೆ ನೆಲದಿಂದ 30 ಅಡಿ ಎತ್ತರದ ಗಟ್ಟಿ ಎಳೆಮರ. ಹತ್ತಿರದಲ್ಲೇ ದಿಮ್ಮಿ ಕಡಿಯಬೇಕು, ಬುಡಕ್ಕೆ 14 ಅಡಿ ಉದ್ದ, ಒಂದು ಅಡಿ ದಪ್ಪದವು, ಮೇಲೆ ಹೋದಂತೆ ಗಿಡ್ಡನೆಯವು. ದಿಮ್ಮಿಗಳನ್ನು ಅಡ್ಡಡ್ಡ ಚೌಕಟ್ಟಾಗಿ ಪೇರಿಸಿ ಹೊಟ್ಟೆಗೆ ಒಣ ಪೊದೆ ತುಂಬಬೇಕು.

‘ದಿಮ್ಮಿಗಳ ನಡುವೆ ಸಂದು ಯಾಕೆ?’ ಎಂದು ಕೇಳಿದ್ದಕ್ಕೆ ಅವರು ಕೈಬೆರಳುಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟು ತೋರಿಸಿದರು. ‘ಗಾಳಿ ಕೆಳಗಿಂದ ಹೋಗಬೇಕು. ಬಿಗಿಯಾಗಿ ತುಂಬಿದ್ರೆ ಬರೀ ಹೊಗೆ ಬರತ್ತೆ, ಉರಿ ಏಳೋದಿಲ್ಲ. ಸಡಿಲವಾಗಿ ತುಂಬಿದ್ರೆ ಒಂದೇ ಸಲ ಭಗ್ ಅಂದು ಮುಗಿದುಹೋಗತ್ತೆ, ಮುಂದಿನ ಬೆಟ್ಟದವನು ಆ ಹೊತ್ತಿಗೆ ತಿರುಗಿ ನೋಡದಿದ್ರೆ ಕೆಟ್ಟಿತು.’

‘ಮಳೆ ಬಂದ್ರೆ?’

‘ಅದೇ ದೊಡ್ಡ ತಲೆನೋವು. ಒಳಗಿನ ಪೊದೆ ನೆನೆದ್ರೆ ಕಿತ್ತು ಹೊಸದಾಗಿ ತುಂಬಬೇಕು. ಮಂಜು ಬಿದ್ರೆ ಬೆಂಕಿ ಇದ್ರೂ ಕಾಣೋದಿಲ್ಲ. ಇನ್ನೊಂದು ಸರ್, ಬೆಂಕಿ ಬನ್ನಿ ಅಂತ ಮಾತ್ರ ಹೇಳತ್ತೆ. ಎಲ್ಲಿಗೆ, ಎಷ್ಟು ಜನ ಶತ್ರು, ಯಾವ ರಸ್ತೆ ಅಂತ ಹೇಳೋದಿಲ್ಲ. ಅದಕ್ಕೆ ಕುದುರೆ ಸವಾರ ಬೇಕೇ ಬೇಕು.’ ಬೆಂಕಿ ಕಂಡವನು ಎಲ್ಲಿಗೆ ಓಡಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿರುತ್ತಿದ್ದರು: ಪ್ರತಿ ತುಕಡಿಗೂ ಸೇರುವ ಜಾಗ ನಿಗದಿ. ಈ ಭಾಗವನ್ನು ಅವರು ಎರಡು ಸಲ ಹೇಳಿದರು, ಏಕೆಂದರೆ ಬೀಕನ್ ಚಿತ್ರ ಬರೆಯುವವರು ಉರಿಯನ್ನಷ್ಟೇ ಬರೆಯುತ್ತಾರೆ ಎಂಬುದು ಅವರ ಅಸಮಾಧಾನ.

ಈ ಏರ್ಪಾಟು ಕೆಲಸ ಮಾಡಿದ್ದನ್ನು ನೋಡಬೇಕಾದರೆ ಸಮ್ಮಿಟ್ ಪಟ್ಟಣಕ್ಕೆ ಹೋಗಿ. ಹೋಬಾರ್ಟ್ ಕಣಿವೆಯ ಬಾಯಿ ಕಾಯಲು ಅಲ್ಲಿ ಒಂದು ಬೀಕನ್, ಜೊತೆಗೆ ಓಲ್ಡ್ ಸೌ ಎಂದು ಕರೆಯುತ್ತಿದ್ದ, 18 ಪೌಂಡ್ ಗುಂಡಿನ ಫಿರಂಗಿ ಇತ್ತು. ಈಗ ರಸ್ತೆ ಬದಿಯಲ್ಲಿ ಗುರುತಿನ ಕಲ್ಲಿದೆ, ಸುತ್ತ ದೊಡ್ಡ ಮನೆಗಳೆದ್ದು ನೋಟ ಮುಚ್ಚಿಹೋಗಿದೆ. 1780ರ ಜೂನ್ 6ರ ರಾತ್ರಿ ಬ್ರಿಟಿಷರ ಕಡೆಯ ಜನರಲ್ ಕ್ನಿಫೌಸೆನ್ 5,000ಕ್ಕೂ ಹೆಚ್ಚು ಸೈನಿಕರೊಂದಿಗೆ ಎಲಿಜಬೆತ್‌ಟೌನ್ ಹತ್ತಿರ ಇಳಿಯತೊಡಗಿದ. ಗುರಿ ಈ ಕಣಿವೆ, ಅದರಾಚೆ ಮಾರಿಸ್‌ಟೌನ್‌ನ ಬೀಡು. ಎಚ್ಚರಿಕೆ ಹಬ್ಬಿ, ಬೆಳಗಾಗುವಷ್ಟರಲ್ಲಿ ಬೇಲಿ, ತೋಪು, ಮನೆಗಳ ಮರೆಯಿಂದ ಮಿಲಿಷಿಯಾದವರ ಗುಂಡು ಹಾರತೊಡಗಿತು, ಹೊತ್ತು ಏರಿದಂತೆ ಅವರ ಸಂಖ್ಯೆ ಏರಿತು. ಕನೆಕ್ಟಿಕಟ್ ಫಾರ್ಮ್ಸ್ ಎಂಬ ಊರನ್ನು ಸುಟ್ಟು ಬ್ರಿಟಿಷರು ಹಿಂದಿರುಗಿದರು. ಜೂನ್ 23ರಂದು ಸ್ಪ್ರಿಂಗ್‌ಫೀಲ್ಡ್‌ವರೆಗೆ ಇನ್ನೊಮ್ಮೆ ಬಂದು, ಅದನ್ನೂ ಸುಟ್ಟು, ಅದೇ ರಾತ್ರಿ ದೋಣಿಗಳ ಸೇತುವೆ ಮೇಲೆ ಸ್ಟ್ಯಾಟನ್ ಐಲೆಂಡ್‌ಗೆ ದಾಟಿದರು. ಆಮೇಲೆ ಯುದ್ಧ ಮುಗಿಯುವವರೆಗೆ ಅಷ್ಟು ದೊಡ್ಡ ಸೈನ್ಯ ಈ ಬೆಟ್ಟದ ಕಡೆ ಬರಲಿಲ್ಲ.